ಮೇಲಿನ ಶಾಲೆಯ ನೂರು

ಗಂಟೆ ಬಾರಿಸುವುದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಂದು ದಿನ ಬಾರಿಸಿ ನೋಡಬೇಕು. ಕೆಳಗಿನ ಶಾಲೆಯ ಗಂಟೆ ನಿಜವಾಗಿ ಗಂಟೆಯೇ ಅಲ್ಲ, ರೈಲು ಹಳಿಯ ಒಂದು ತುಂಡು. ಕಾರಿಡಾರಿನ ತುದಿಯಲ್ಲಿ ಸರಪಳಿ ಕಟ್ಟಿ ಅದನ್ನು ತೂಗುಬಿಟ್ಟಿದ್ದರು. ಹೊಡೆಯಲು ಲಾರಿಯದೊಂದು ಬೋಲ್ಟು. ಮೈಯಲ್ಲಿ ಬಲ ಇದೆ ಎಂದು ಎಲ್ಲೆಂದರಲ್ಲಿ ಹೊಡೆದರೆ ತಗಡು ಬಡಿದ ಸದ್ದು ಬರುತ್ತದೆ, ಅಷ್ಟೆ. ತುದಿಯಿಂದ ಗೇಣು ಮೇಲೆ, ಮಣಿಕಟ್ಟು ಸಡಿಲ ಬಿಟ್ಟು ಹೊಡೆಯಬೇಕು. ಆಗ ಎದ್ದ ನಾದ ಪಕ್ಕದ ಬಸ್ ಡಿಪೋದ ಗದ್ದಲ ದಾಟಿ, ಗ್ಯಾರೇಜುಗಳ ಓಣಿ ದಾಟಿ, ಇನ್ನೂ ಹಾಸಿಗೆ ಬಿಡದ ಸೋಮಾರಿಗಳ ಕಿವಿ ಹಿಂಡುತ್ತಿತ್ತು.

ಆ ಕೈ ಇದ್ದದ್ದು ಶಾಲೆಯ ಜವಾನನಿಗೆ. ಮಕ್ಕಳು ಅವನನ್ನು ಗಂಟೆಯಣ್ಣ ಎಂದರು, ಮೇಷ್ಟ್ರುಗಳೂ ಹಾಗೇ ಎಂದರು, ಕೊನೆಗೆ ಹೆಂಡತಿಯ ತವರಿನವರ ಬಾಯಲ್ಲೂ ಅದೇ ನಿಂತಿತು. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಬಿಟ್ಟದ್ದಲ್ಲ, ಬಿಡಿಸಿದ್ದು. ಅಪ್ಪ ಹಾಸಿಗೆ ಹಿಡಿದಾಗ ಟೈರು ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕೂತ. ಎಷ್ಟೋ ವರ್ಷ ಕಳೆದ ಮೇಲೆ ಯಾರದೋ ಕೈಕಾಲು ಹಿಡಿದು ಕೆಳಗಿನ ಶಾಲೆಗೆ ಜವಾನನಾಗಿ ಸೇರಿಕೊಂಡ. “ಪುಸ್ತಕ ಹಿಡ್ಕೊಂಡು ಬರಬೇಕಾದ ಬಾಗಿಲಲ್ಲಿ ಪೊರಕೆ ಹಿಡ್ಕೊಂಡು ಬಂದೆ ನೋಡಿ” ಎಂದು ಹೇಳಿ ತಾನೇ ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು. ಆದರೆ ಆ ಮಾತು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು ಎಂಬುದು ಅವನ ಹೆಂಡತಿಗೆ ಗೊತ್ತಿತ್ತು.

ಆ ನಗರದಲ್ಲಿ ಸರ್ಕಾರಿ ಪ್ರೌಢಶಾಲೆಗಳು ಹಲವು. ಎಲ್ಲಕ್ಕೂ ಒಂದೇ ಪಠ್ಯಪುಸ್ತಕ, ಗೋಡೆಗೆ ಒಂದೇ ಬಣ್ಣ, ಮೇಷ್ಟ್ರುಗಳಿಗೆ ಒಂದೇ ಸಂಬಳ. ಹಾಗಿದ್ದ ಮೇಲೆ ಎಲ್ಲ ಕಡೆಯೂ ಮಕ್ಕಳು ಒಂದೇ ಥರ ಪಾಸಾಗಬೇಕಲ್ಲ? ಎಲ್ಲಿಯ ಮಾತು! ಹತ್ತನೇ ತರಗತಿಯ ಫಲಿತಾಂಶ ಬಂದ ಮರುದಿನ ಪೇಪರಿನಲ್ಲಿ ಶಾಲೆಗಳ ಹೆಸರು ಸಾಲಾಗಿ ಬರುತ್ತಿತ್ತು. ಎಲ್ಲಕ್ಕಿಂತ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ದಿಣ್ಣೆಯ ಮೇಲಿರುವ ಶಾಲೆ. ಜನ ಅದನ್ನು ಮೇಲಿನ ಶಾಲೆ ಎಂದೇ ಕರೆಯುತ್ತಿದ್ದರು. ನೂರಕ್ಕೆ ನೂರು. ವರ್ಷ ವರ್ಷವೂ ನೂರಕ್ಕೆ ನೂರು. ಗೇಟಿನ ಮೇಲೆ ಆ ನೂರನ್ನು ಮಾರುದ್ದದ ಅಂಕಿಗಳಲ್ಲಿ ಬರೆಸಿದ್ದರು. ಪಟ್ಟಿಯ ಬುಡದಲ್ಲಿ ಎಲ್ಲೋ ಡಿಪೋದ ಹಿಂದಿನ ತಗ್ಗಿನಲ್ಲಿರುವ ಕೆಳಗಿನ ಶಾಲೆ. ನಲವತ್ತು, ಒಮ್ಮೊಮ್ಮೆ ಅದೂ ಇಲ್ಲ.

ಅವತ್ತು ಸ್ಟಾಫ್ ರೂಮಿನಲ್ಲಿ ಸಾವಿನ ಮನೆಯ ಕಳೆ. ಗಂಟೆಯಣ್ಣ ತಂದಿಟ್ಟ ಟೀ ಆರಿ ತಣ್ಣಗಾಗುತ್ತಿತ್ತು. ವಿಜ್ಞಾನದ ಮೇಡಂ ಗಣಿತದ ಮೇಷ್ಟ್ರ ಕಡೆ ನೋಡುವುದು, ಗಣಿತದ ಮೇಷ್ಟ್ರು ಕಿಟಕಿಯ ಕಡೆ ನೋಡುವುದು. ಹೆಡ್‌ಮೇಡಂ ಮಾತ್ರ ಯಾರನ್ನೂ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, “ಸರಿ, ಕ್ಲಾಸಿಗೆ ಹೋಗಿ” ಎನ್ನುತ್ತಿದ್ದರು. ಗಂಟೆಯಣ್ಣನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಈ ಹೆಂಗಸಿಗೆ ಮಾನ ಮರ್ಯಾದೆ ಬೇಡವೇ? ಅವನಿಗೇನೋ ಬೇಕಿತ್ತು. ನೆಂಟರ ಮದುವೆಗೆ ಹೋದರೆ ಷಡ್ಡಕ, “ಏನಪ್ಪಾ ಗಂಟೆಯಣ್ಣ, ಈ ಸಲ ನಿಮ್ಮಲ್ಲಿ ಯಾರಾದ್ರೂ ಪಾಸಾದ್ರಾ, ಇಲ್ಲಾ ಗಂಟೆ ಹೊಡೆದಿದ್ದಷ್ಟೇನಾ?” ಎಂದು ನಾಲ್ಕು ಜನರ ಎದುರಿಗೆ ಕಾಲೆಳೆಯುತ್ತಿದ್ದ. ಗಂಟೆಯಣ್ಣ ಹಲ್ಲು ಕಿರಿದು ಊಟದ ಪಂಕ್ತಿಯ ಕಡೆ ನಡೆಯುತ್ತಿದ್ದ.

ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಇನ್ನೊಂದು ಕೆಲಸ ಅವನ ಪಾಲಿಗೆ ಬೀಳುತ್ತಿತ್ತು. ಹತ್ತನೇ ತರಗತಿಗೆ ಬೆಂಚು ಸಾಲುತ್ತಿರಲಿಲ್ಲ. ಒಂಬತ್ತರಲ್ಲಿದ್ದ ಮಕ್ಕಳ ಜೊತೆಗೆ ಹೊಸಬರು ಬಂದು ಸೇರುತ್ತಿದ್ದರು, ಹೆಚ್ಚಿನವರು ಮೇಲಿನ ಶಾಲೆಯಿಂದಲೇ. ಟಿ.ಸಿ. ಹಿಡಿದ ಅಪ್ಪನ ಬೆನ್ನ ಹಿಂದೆ ತಲೆ ತಗ್ಗಿಸಿಕೊಂಡು ಬರುವ ಮಕ್ಕಳು. ಗಂಟೆಯಣ್ಣ ಸ್ಟೋರ್ ರೂಮಿನಿಂದ ಕಾಲು ಅಲುಗಾಡುವ ಬೆಂಚುಗಳನ್ನು ಎಳೆದು ತಂದು, ಮೊಳೆ ಹೊಡೆದು, ಹಿಂದಿನ ಗೋಡೆಗೆ ಒತ್ತಿ ಹಾಕುತ್ತಿದ್ದ. ಹಾಕುತ್ತಲೇ ಅವರನ್ನು ತರಾಟೆಗೂ ತೆಗೆದುಕೊಳ್ಳುತ್ತಿದ್ದ.

“ಅಲ್ರೋ, ಅಂಥಾ ಶಾಲೆ ಬಿಟ್ಟು ಇಲ್ಲಿಗ್ಯಾಕ್ರೋ ಬಂದ್ರಿ? ತಿಂದ ಅನ್ನ ಮೈಗೆ ಹೆಚ್ಚಾಯ್ತಾ?”

ಮಕ್ಕಳು ನೆಲ ನೋಡುತ್ತ ಬೆಂಚಿನ ತುದಿಗೆ ಸರಿಯುತ್ತಿದ್ದರು. ಅಲ್ಲಿಯ ಓದಿಗೆ ಹೆದರಿ ಓಡಿ ಬಂದ ಸೋಮಾರಿಗಳು ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ. ಇಷ್ಟು ವರ್ಷ ಬೆಂಚು ಹೊತ್ತವನಿಗೆ ಅದರಾಚೆಗೆ ಒಂದು ಪ್ರಶ್ನೆಯೂ ಹುಟ್ಟಲಿಲ್ಲ. ಪುಣ್ಯಾತ್ಮ, ಒಂದೇ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು “ಏನಾಯ್ತಪ್ಪಾ?” ಎಂದು ಕೇಳಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವನಿಗೊಬ್ಬಳೇ ಮಗಳು. ಹುಟ್ಟುವಾಗಲೇ ಬಾಯಿ ತೆರೆದುಕೊಂಡು ಹುಟ್ಟಿದವಳು, ಇನ್ನೂ ಮುಚ್ಚಿಲ್ಲ ಎಂದು ತಾಯಿ ಹೇಳುತ್ತಿದ್ದಳು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಮಾತು, ಬಾಯಲ್ಲಿ ತುತ್ತು ಇದ್ದಾಗಲೂ ಮಾತು. ಅಪ್ಪನ ಶಾಲೆಯಲ್ಲೇ ಓದುತ್ತಿದ್ದಳು. ಅವಳು ಪುಸ್ತಕ ಹಿಡಿದು ಕೂತದ್ದನ್ನು ನೋಡಿದವರು ಕಡಿಮೆ. ಅವಳು ಕಲಿಯುತ್ತಿದ್ದ ರೀತಿಯೇ ಬೇರೆ. ಊಟದ ಬಿಡುವಿನಲ್ಲಿ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಹತ್ತಿ ನಿಂತು, ಬೆಳಿಗ್ಗೆ ಕೇಳಿದ ಪಾಠವನ್ನು ಉಳಿದ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಅರ್ಥವಾಗದವರು ಅಡ್ಡ ಪ್ರಶ್ನೆ ಹಾಕಬೇಕು, ಇವಳು ಜಗಳಕ್ಕೆ ನಿಲ್ಲಬೇಕು, ಜಗಳದ ಮಧ್ಯದಲ್ಲಿ ಲೆಕ್ಕ ಇಬ್ಬರಿಗೂ ಹೊಳೆಯಬೇಕು. ಗಣಿತದ ಮೇಷ್ಟ್ರಿಗೆ ಇದು ಗೊತ್ತಾಗಿ, ತರಗತಿಯಲ್ಲೇ ಅವಳ ಕೈಗೆ ಸೀಮೆಸುಣ್ಣ ಕೊಟ್ಟು, “ಬಾರಮ್ಮಾ ಮರಿ ಮೇಡಂ, ಈ ಲೆಕ್ಕ ನೀನೇ ಮಾಡಿಸು, ನಂಗೂ ಗಂಟಲು ಕೆಟ್ಟಿದೆ” ಎನ್ನುತ್ತಿದ್ದರು. ಎಂಟನೆಯ ತರಗತಿಯಲ್ಲಿ ಅವಳೇ ಮೊದಲು. ಎರಡನೆಯವಳು ಎಷ್ಟೋ ದೂರ.

ಅದೇ ಗಂಟೆಯಣ್ಣನ ತಲೆಗೆ ಹುಳ ಬಿಟ್ಟಿತು. ಇಷ್ಟು ಚುರುಕಿನ ಮಗು ಇಲ್ಲೇ ಇದ್ದು ಹಾಳಾಗುವುದೇ? ಅವಳು ನರ್ಸ್ ಆಗುತ್ತಾಳೋ ಟೀಚರ್ ಆಗುತ್ತಾಳೋ, ಒಟ್ಟಿನಲ್ಲಿ ತನ್ನ ಹಾಗೆ ಪೊರಕೆ ಹಿಡಿಯಬಾರದು, ಅಷ್ಟು ಅವನಿಗೆ ಬೇಕಿತ್ತು. ಅದಕ್ಕೆ ಹತ್ತನೇ ತರಗತಿ ದಾಟಬೇಕು, ಚೆನ್ನಾಗಿ ದಾಟಬೇಕು. ನೂರಕ್ಕೆ ನೂರು ದಾಟುವ ಶಾಲೆ ಕಣ್ಣೆದುರಿಗೇ ದಿಣ್ಣೆಯ ಮೇಲೆ ನಿಂತಿರುವಾಗ ನಲವತ್ತರ ಶಾಲೆಯಲ್ಲಿ ಯಾಕೆ ಬಿಡಬೇಕು?

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವವಳು, ಕೆಲಸ ಮುಗಿಸಿ ಬಂದು ಸೊಂಟ ನೀವಿಕೊಳ್ಳುತ್ತ ಕೂತಿದ್ದಳು. ಅವನು ವಿಷಯ ಎತ್ತಿದ.

“ಇಲ್ಲಿ ಚೆನ್ನಾಗೇ ಇದ್ದಾಳಲ್ರೀ. ಓದ್ತಾಳೆ, ನಗ್ತಾಳೆ, ಹೊಟ್ಟೆ ತುಂಬ ಉಣ್ತಾಳೆ. ಇನ್ನೇನು ಬೇಕು?”

“ನಿಂಗೆ ಗೊತ್ತಾಗಲ್ಲ ಸುಮ್ಮನಿರು. ನಮ್ಮ ಶಾಲೆ ಹಣೆಬರಹ ದಿನಾ ನೋಡೋನು ನಾನು. ಇವಳೊಬ್ಬಳಾದ್ರೂ ಆ ಗುಂಡಿಯಿಂದ ಆಚೆ ಬರಲಿ.”

“ಕಣ್ಣೆದುರಿಗೆ ಇರೋ ಮಗೂನ ಯಾಕ್ರೀ ದೂರ ಕಳಿಸ್ತೀರಾ” ಎಂದು ಅವಳು ಗೊಣಗಿದಳು. ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲೂ ನಲ್ಲಿ ಹತ್ರ ಕಟ್ಟೆ ಇದ್ಯೇನಪ್ಪಾ?” ಅವನಿಗೆ ನಗು ತಡೆಯಲಾಗಲಿಲ್ಲ.

ಮೇಲಿನ ಶಾಲೆಯಲ್ಲಿ ಸೀಟು ಸಿಗುವುದು ಹುಡುಗಾಟವಲ್ಲ. ಅಲ್ಲಿಯ ಜವಾನ ಪರಿಚಯದವನು, ಅವನ ಮೂಲಕ ಹೆಡ್‌ಮಾಸ್ತರರ ಕೋಣೆಯ ಬಾಗಿಲವರೆಗೆ ಹೋದದ್ದಾಯಿತು. ಒಳಗೆ ಹೋದ ಮೇಲೆ ಕೆಲಸ ಮಾಡಿದ್ದು ಮಗಳ ಅಂಕಗಳೇ. ಬೇರೆ ಶಾಲೆಯಲ್ಲಿ ಮೊದಲು ಬಂದ ಮಕ್ಕಳೆಂದರೆ ಆ ಹೆಡ್‌ಮಾಸ್ತರರಿಗೆ ಬಲು ಪ್ರೀತಿ. “ನೀವೇನು ಕೆಲಸ ಮಾಡ್ತೀರಿ?” ಎಂದು ಕೇಳಿದಾಗ ಇವನು “ಸರ್ಕಾರಿ ಕೆಲಸ ಸಾರ್” ಎಂದಷ್ಟೇ ಹೇಳಿದ. ಕೆಳಗಿನ ಶಾಲೆಯ ಜವಾನ ಎನ್ನಲು ನಾಲಿಗೆ ಏಳಲಿಲ್ಲ. ಅವತ್ತು ಅದೊಂದು ಸಣ್ಣ ಸುಳ್ಳು ಎಂದುಕೊಂಡ, ಸುಳ್ಳೂ ಅಲ್ಲವಲ್ಲ ಎಂದುಕೊಂಡ.

ಟಿ.ಸಿ.ಗೆ ಸಹಿ ಹಾಕಬೇಕಾದವರು ಕೆಳಗಿನ ಶಾಲೆಯ ಹೆಡ್‌ಮೇಡಂ. ಪೆನ್ನು ತೆರೆದವರು ಅದನ್ನು ಮತ್ತೆ ಮುಚ್ಚಿ ಮೇಜಿನ ಮೇಲಿಟ್ಟರು.

“ಯೋಚನೆ ಮಾಡಿದ್ದೀರಾ ಗಂಟೆಯಣ್ಣ?”

“ಯೋಚನೆ ಏನು ಬಂತು ಮೇಡಂ. ನಮ್ಮ ಶಾಲೇಲಿ ಬಿಟ್ರೆ ಏನಾಗುತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮುಖಕ್ಕೆ ಹೊಡೆದ ಹಾಗಿತ್ತು ಆ ಮಾತು. ಆಡಿದವನಿಗೆ ಅದರ ಪರಿವೆಯೇ ಇರಲಿಲ್ಲ. ಮೇಡಂ ಸಹಿ ಹಾಕಿ ಕಾಗದವನ್ನು ಅವನ ಕಡೆ ಸರಿಸಿದರು. ಅದೇ ವಾರ ಇನ್ನೂ ಮೂರ್ನಾಲ್ಕು ಜಾಣ ಮಕ್ಕಳ ಅಪ್ಪಂದಿರು ಬಂದು ಟಿ.ಸಿ. ಕೇಳಿದರು. ಶಾಲೆಯ ಒಳಗಿನವನೇ ಮಗಳನ್ನು ಕಳಿಸಿದ ಮೇಲೆ ಹೊರಗಿನವರು ಇನ್ಯಾವ ನಂಬಿಕೆಯಿಂದ ಬಿಡಬೇಕು, ನೀವೇ ಹೇಳಿ.

ಮೇಲಿನ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಶನಿವಾರ ಪರೀಕ್ಷೆ, ಸೋಮವಾರ ಬೆಂಚು ಬದಲು. ಹೆಚ್ಚು ಅಂಕ ಬಂದವರು ಮುಂದೆ, ಕಡಿಮೆ ಬಂದವರು ಹಿಂದೆ. ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಬೇಕು. ಬಿಡುವಿನಲ್ಲಿಯೂ ಪುಸ್ತಕ. ಅಲ್ಲಿ ನಲ್ಲಿ ಇತ್ತು, ಕಟ್ಟೆಯೂ ಇತ್ತು, ಅದರ ಮೇಲೆ ಹತ್ತುವಂತಿರಲಿಲ್ಲ. ಪಕ್ಕದವಳಿಗೆ ಲೆಕ್ಕ ಹೇಳಿಕೊಡಲು ಬಾಯಿ ತೆಗೆದ ಮೊದಲ ದಿನವೇ ಮಗಳು ಕಾರಿಡಾರಿನಲ್ಲಿ ನಿಂತಳು. ಪಕ್ಕದವಳಿಗೂ ಅದು ಬೇಕಿರಲಿಲ್ಲ. ಇವಳು ಹಿಂದೆ ಹೋದರೆ ತಾನೇ ಅವಳು ಮುಂದೆ ಬರುವುದು? ಮೊದಲ ತಿಂಗಳು ಮಗಳು ಮಧ್ಯದ ಬೆಂಚಿನಲ್ಲಿದ್ದಳು. ಆಮೇಲೆ ಸೋಮವಾರ ಸೋಮವಾರಕ್ಕೂ ಒಂದೊಂದೇ ಬೆಂಚು ಹಿಂದೆ ಸರಿದಳು. ಕೊನೆಗೆ ಹಿಂದೆ ಸರಿಯಲು ಜಾಗವೇ ಉಳಿಯಲಿಲ್ಲ.

ಮನೆಯಲ್ಲಿ ಅವಳು ಇದನ್ನೆಲ್ಲ ಹೇಳಲಿಲ್ಲ. ಹೇಳಲಿಲ್ಲ ಎಂದರೆ ಏನನ್ನೂ ಹೇಳಲಿಲ್ಲ. ಬಂದು ಕೈಕಾಲು ತೊಳೆದು, ಗೋಡೆಗೆ ಮುಖ ಮಾಡಿ ಪುಸ್ತಕ ಹಿಡಿದು ಕೂರುತ್ತಿದ್ದಳು. ಗಂಟೆಯಣ್ಣನಿಗೆ ಹಿಗ್ಗೋ ಹಿಗ್ಗು. “ನೋಡ್ದೇನೇ? ಒಳ್ಳೆ ಶಾಲೆ ಅಂದ್ರೆ ಹೀಗಿರಬೇಕು. ಹುಡುಗಿ ಎಷ್ಟು ಗಂಭೀರ ಆಗಿದ್ದಾಳೆ!”

“ಗಂಭೀರ ಅಲ್ರೀ, ಮಂಕಾಗಿದ್ದಾಳೆ. ಮಗು ಮಾತೇ ಆಡ್ತಿಲ್ಲ.”

“ಓದೋ ಮಕ್ಕಳು ಮಾತಾಡಲ್ಲ ಕಣೇ.”

ತಾಯಿ ತಟ್ಟೆಯಲ್ಲಿ ಉಳಿದ ಅನ್ನ ತೋರಿಸಿದಳು. ಅವನು ಅದಕ್ಕೂ ಒಂದು ಸಮಾಧಾನ ಹುಡುಕಿಕೊಂಡ. ಅಯ್ಯೋ, ಅವನನ್ನು ಬೈದು ಏನು ಪ್ರಯೋಜನ? ಮಗಳ ಬಗ್ಗೆ ಆಸೆ ಕಟ್ಟಿಕೊಂಡ ಅಪ್ಪನ ಕಣ್ಣಿಗೆ ಅವಳ ಮೌನವೂ ಓದಿನ ಹಾಗೇ ಕಾಣುತ್ತದೆ.

ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಮೇಲಿನ ಶಾಲೆಯಿಂದ ಕರೆ ಬಂತು. ಅವನು ಒಳ್ಳೆಯ ಶರ್ಟು ಹಾಕಿಕೊಂಡು ಹೋದ. ಹೆಡ್‌ಮಾಸ್ತರರ ಕೋಣೆಯ ಹೊರಗೆ ಐದಾರು ಜನ ಅಪ್ಪ ಅಮ್ಮಂದಿರು ಬೆಂಚಿನ ಮೇಲೆ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಳಗೆ ಹೆಡ್‌ಮಾಸ್ತರರು ಕುರ್ಚಿ ತೋರಿಸಿ, ನೀರು ತರಿಸಿ, ಬಲು ಮರ್ಯಾದೆಯಿಂದಲೇ ಮಾತು ಶುರು ಮಾಡಿದರು.

“ನೋಡಿ, ನಾವು ಯಾರನ್ನೂ ಫೇಲ್ ಮಾಡಲ್ಲ. ನಿಮ್ಮ ಮಗಳಿಗೂ ಪಾಸ್ ಅಂತಾನೇ ಕೊಡ್ತೀವಿ. ಆದ್ರೆ ಹತ್ತನೇ ಕ್ಲಾಸು ಇಲ್ಲಿ ಬೇಡ.”

“ಬೇಡ ಅಂದ್ರೆ ಸಾರ್?”

“ಗಣಿತ ಅವಳ ಕೈಲಿ ಆಗ್ತಿಲ್ಲ. ಪಬ್ಲಿಕ್ ಪರೀಕ್ಷೇಲಿ ಒಬ್ಬರು ಹೋದ್ರೂ ನಮ್ಮ ನೂರು ಹೋಗುತ್ತೆ. ಒಬ್ಬರಿಗೋಸ್ಕರ ಉಳಿದ ಮಕ್ಕಳಿಗೆ ಕೆಟ್ಟ ಹೆಸರು ಯಾಕೆ? ಟಿ.ಸಿ. ರೆಡಿ ಮಾಡಿಸಿದ್ದೀನಿ.”

“ಅವಳು ಫಸ್ಟ್ ಬರ್ತಿದ್ದ ಹುಡುಗಿ ಸಾರ್. ಸ್ವಲ್ಪ ಟೈಮ್ ಕೊಡಿ. ನಾನು ಹೇಳ್ತೀನಿ ಅವಳಿಗೆ, ಇನ್ನೂ ಓದ್ತಾಳೆ.” ಗಂಟೆಯಣ್ಣ ಕುರ್ಚಿಯಿಂದ ಎದ್ದು ಕೈ ಮುಗಿದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ಗೊತ್ತಿರಲಿಲ್ಲ. “ಈಗ ಎಲ್ಲಿಗೆ ಸಾರ್ ಕರ್ಕೊಂಡು ಹೋಗ್ಲಿ?”

“ಅದಕ್ಯಾಕೆ ಚಿಂತೆ? ಅವಳು ಮೊದಲು ಓದ್ತಿದ್ದ ಆ ಕೆಳಗಿನ ಶಾಲೆ ಇದ್ಯಲ್ಲ. ಅಲ್ಲಿ ತಗೋತಾರೆ. ನಾವು ಕಳಿಸಿದ ಮಕ್ಕಳನ್ನ ಪ್ರತಿ ವರ್ಷ ತಗೋತಾರೆ.”

ಪ್ರತಿ ವರ್ಷ. ತಾನು ಸ್ಟೋರ್ ರೂಮಿನಿಂದ ಎಳೆದು ತಂದ ಬೆಂಚುಗಳು, ಅವುಗಳ ಮೇಲೆ ಬಂದು ಕೂತ ಮಕ್ಕಳು, ನೆಲ ನೋಡುತ್ತಿದ್ದ ಅವರ ಕಣ್ಣುಗಳು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಯಾರೂ ಓಡಿ ಬಂದವರಲ್ಲ. ಎಲ್ಲರನ್ನೂ ಹೀಗೆ ನೀರು ಕೊಟ್ಟು, ಕುರ್ಚಿ ಕೊಟ್ಟು ಆಚೆ ಕಳಿಸಿದ್ದು. ಅವರು ಕೆಳಗಿನ ಶಾಲೆಯಲ್ಲಿ ಫೇಲಾಗಬೇಕು, ಮೇಲಿನ ಶಾಲೆಯ ನೂರು ನೂರಾಗಿಯೇ ಉಳಿಯಬೇಕು. ಅಂಥ ಮಕ್ಕಳಿಗೆ ತಾನು, ತಿಂದ ಅನ್ನ ಹೆಚ್ಚಾಯಿತೇ ಎಂದು ಕೇಳಿದ್ದ.

ನಾನು ಆ ಶಾಲೆಯ ಜವಾನ ಸಾರ್ ಎಂದು ಹೇಳಿಬಿಡಬೇಕು ಅನ್ನಿಸಿತು. ಟಿ.ಸಿ. ತೆಗೆದುಕೊಂಡು ಹೊರಗೆ ಬಂದ. ಹೊರಗೆ ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಎದ್ದು ಶರ್ಟು ಸರಿ ಮಾಡಿಕೊಂಡು ಒಳಗೆ ಹೋದ.

ಮರುದಿನ ಕೆಳಗಿನ ಶಾಲೆಯಲ್ಲಿ ಹೆಡ್‌ಮೇಡಂ ಆ ಟಿ.ಸಿ.ಯನ್ನು ಓದಲೂ ಇಲ್ಲ. ಮಗಳ ಹೆಸರು ದಾಖಲು ಮಾಡಿಕೊಂಡರು. ಗಂಟೆಯಣ್ಣ ಮೇಜಿನ ಮುಂದೆ ನಿಂತೇ ಇದ್ದ.

“ನಿಮಗೆ ಗೊತ್ತಿತ್ತಾ ಮೇಡಂ?”

“ಹೂಂ. ಚೆನ್ನಾಗಿ ಓದೋರನ್ನ ಅವರು ಎಂಟು ಮುಗಿದ ಕೂಡಲೇ ಕರ್ಕೋತಾರೆ. ಕೈಲಾಗದೋರನ್ನ ಹತ್ತಕ್ಕೆ ನಮ್ಮ ಹತ್ರ ತಳ್ತಾರೆ. ಆಮೇಲೆ ಪೇಪರ್‌ನೋರು ಎರಡೂ ಶಾಲೇನ ಪಕ್ಕ ಪಕ್ಕ ಇಟ್ಟು ತೂಗ್ತಾರೆ.”

“ಗೊತ್ತಿದ್ದೂ ನಂಗ್ಯಾಕೆ ಹೇಳಲಿಲ್ಲ? ಅವತ್ತು ಒಂದು ಮಾತು ಹೇಳಬಾರದಿತ್ತಾ?” ಅವನ ದನಿ ಏರಿತು. ಕೆಲಸಕ್ಕೆ ಸೇರಿದ ಮೇಲೆ ಮೇಡಂ ಎದುರಿಗೆ ಅವನು ದನಿ ಏರಿಸಿದ್ದು ಅದೇ ಮೊದಲು.

“ಹೇಳಿದ್ರೆ ನಂಬ್ತಿದ್ರಾ? ಸೋತ ಶಾಲೆಯೋಳು ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂದ್ಕೋತಿರಲಿಲ್ವಾ, ನಿಜ ಹೇಳಿ.”

ಅವನು ಮೇಜಿನ ಮೇಲಿದ್ದ ಟಿ.ಸಿ.ಯನ್ನೇ ನೋಡುತ್ತ, “ಈ ಮಕ್ಕಳನ್ನ ಬೇಡ ಅನ್ನಬಹುದಿತ್ತಲ್ಲ ಮೇಡಂ? ನಮ್ಮ ಹೆಸರಾದ್ರೂ ಉಳೀತಿತ್ತು” ಎಂದ.

“ನಾವೂ ಬೇಡ ಅಂದ್ರೆ ಅವರು ಎಲ್ಲಿಗೆ ಹೋಗ್ತಾರೆ ಗಂಟೆಯಣ್ಣ?” ಎಂದು ಹೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಆ ಹೆಂಗಸಿನ ಬಗ್ಗೆ ತಾನು ಏನೆಲ್ಲ ಅಂದುಕೊಂಡಿದ್ದೆ ಎಂದು ನೆನೆದು ಅವನಿಗೆ ನಾಚಿಕೆಯಾಯಿತು.

ಆ ವರ್ಷ ಅವನು ಮಗಳನ್ನು ಹೇಗಾದರೂ ಮೊದಲಿನ ಹಾಗೆ ಮಾಡಬೇಕೆಂದು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಳೆಯ ಗೆಳತಿಯರಿಗೆ ಹೇಳಿ ನಲ್ಲಿಯ ಕಟ್ಟೆಯ ಹತ್ತಿರ ಅವಳನ್ನು ಕರೆಸಿದ. ಅವಳು ಬಂದಳು, ನಿಂತಳು, ಅವರು ಕೇಳಿದ್ದಕ್ಕೆ “ನಂಗೆ ಬರಲ್ಲ ಕಣ್ರೇ” ಎಂದು ಹೇಳಿ ಹೊರಟುಹೋದಳು. ಗಣಿತದ ಮೇಷ್ಟ್ರು ಒಂದು ದಿನ ಮೊದಲಿನಂತೆ ಸೀಮೆಸುಣ್ಣ ಚಾಚಿ, “ಬಾ ಮರಿ ಮೇಡಂ” ಎಂದರು. ಅವಳು ಎದ್ದು ನಿಂತು ತಲೆ ಅಲ್ಲಾಡಿಸಿದಳು. ಅವರು ಇನ್ನೊಮ್ಮೆ ಕರೆದಾಗ ಅವಳ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಗಾಬರಿಯಾಗಿ, “ಆಯ್ತು ಕೂತ್ಕೊಮ್ಮಾ, ಕೂತ್ಕೋ” ಎಂದು ತಾವೇ ಲೆಕ್ಕ ಬಿಡಿಸಿದರು. ಕಾರಿಡಾರಿನಲ್ಲಿ ನೀರಿನ ಡ್ರಮ್ಮು ತುಂಬಿಸುತ್ತಿದ್ದ ಗಂಟೆಯಣ್ಣ ಎಲ್ಲವನ್ನೂ ನೋಡಿದ. ಡ್ರಮ್ಮು ತುಂಬಿ ನೀರು ಚೆಲ್ಲಿ ಹೋಗುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ.

ಹಾಗೆಂದು ಅವಳು ಸೋಮಾರಿಯಾಗಿದ್ದಳು ಎನ್ನಬೇಡಿ. ಓದುತ್ತಿದ್ದಳು, ಮೊದಲಿಗಿಂತ ಹತ್ತು ಪಟ್ಟು ಓದುತ್ತಿದ್ದಳು. ಗೋಡೆಗೆ ಮುಖ ಮಾಡಿ, ಬಾಯಿ ಬಿಗಿ ಹಿಡಿದು, ಅದೇ ಪುಟವನ್ನು ಮತ್ತೆ ಮತ್ತೆ. ತಾಯಿ ಪಕ್ಕದಲ್ಲಿ ಕೂತು, “ನಂಗೆ ಹೇಳಿಕೊಡೇ, ನಾನೂ ಕಲೀತೀನಿ” ಎಂದು ಪೂಸಿ ಹೊಡೆದು ನೋಡಿದಳು. ಮಗಳು ಸ್ವಲ್ಪ ನಕ್ಕಳು. “ತಪ್ಪು ಹೇಳಿಬಿಡ್ತೀನಮ್ಮಾ” ಎಂದಳು. ಮಾತಿನಮಲ್ಲಿ ಎಂದು ಓಣಿಯೆಲ್ಲ ಕರೆಯುತ್ತಿದ್ದ ಹುಡುಗಿಗೆ ಈಗ ತಾಯಿಯ ಎದುರಿಗೂ ಬಾಯಿ ಬಿಡಲು ಭಯ.

ಪರೀಕ್ಷೆ ಬರೆದಳು. ಫಲಿತಾಂಶ ಬಂದದ್ದು ಒಂದು ಬಿಸಿಲು ಮಧ್ಯಾಹ್ನ. ಹೆಡ್‌ಮೇಡಂ ಕಂಪ್ಯೂಟರಿನಲ್ಲಿ ನೋಡಿ, ಗಂಟೆಯಣ್ಣನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಬೇರೆಲ್ಲ ವಿಷಯ ಪಾಸು. ಗಣಿತ ಹೋಗಿತ್ತು. “ಇನ್ನೊಂದು ಸಲ ಕಟ್ಟಿಸೋಣ, ಮೇಷ್ಟ್ರು ದಿನಾ ಹೇಳಿಕೊಡ್ತಾರೆ, ನೀವು ಧೈರ್ಯ ಕೊಡಿ ಅವಳಿಗೆ” ಎಂದರು. ಶಾಲೆಗೆ ಈ ಸಲ ಮೂವತ್ತೆಂಟು. ಮೇಲಿನ ಶಾಲೆಯದು ಎಷ್ಟು ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಒಂದು ವಿಷಯ ಹೋದರೆ ಆಕಾಶ ಕಳಚಿ ಬೀಳುವುದಿಲ್ಲ. ತಪ್ಪು ನಿನ್ನದಲ್ಲ, ಅವರದು. ನಿನ್ನನ್ನು ಹಾಗೆ ಕುಗ್ಗಿಸಿದ್ದು ಅವರು. ಹೀಗೆಲ್ಲ. ಮಗಳು ಅಳುತ್ತಿರುತ್ತಾಳೆ, ತಲೆ ನೇವರಿಸಿ ಹೇಳಬೇಕು ಎಂದುಕೊಂಡ.

ಮಗಳು ಅಳುತ್ತಿರಲಿಲ್ಲ. ಒಲೆಯ ಮುಂದೆ ನಿಂತು ಅನ್ನಕ್ಕೆ ಇಡುತ್ತಿದ್ದಳು. ತಿರುಗಿ ನೋಡಿ, “ಗೊತ್ತಾಯ್ತಪ್ಪಾ. ಪಕ್ಕದ ಮನೆ ಅಕ್ಕ ಫೋನಲ್ಲಿ ನೋಡಿ ಹೇಳಿದ್ರು” ಎಂದಳು.

“ಹೋದ್ರೆ ಹೋಗ್ಲಿ ಬಿಡು ಮಗಾ. ತಪ್ಪು ನಿಂದಲ್ಲ. ಆ ಶಾಲೆಯೋರು ಮಾಡಿದ್ದು ಅನ್ಯಾಯ. ನಿನ್ನ ಅವರು ಆಚೆಗೆ ಹಾಕ್ದೆ ಇದ್ದಿದ್ರೆ...”

“ಅವರೇನಪ್ಪಾ ತಪ್ಪು ಮಾಡಿದ್ರು?” ಎಂದಳು ಮಗಳು. ಕೋಪವಿರಲಿಲ್ಲ. ಲೆಕ್ಕಕ್ಕೆ ಉತ್ತರ ಹೇಳುವವಳ ಹಾಗೆ ಹೇಳಿದಳು. “ನಾನು ಅಲ್ಲೇ ಇದ್ದಿದ್ರೆ ಅವರ ನೂರು ಹೋಗ್ತಿತ್ತಲ್ವಾ? ನಾನು ಫೇಲಾಗ್ತೀನಿ ಅಂತ ಅವರಿಗೆ ಒಂದು ವರ್ಷ ಮೊದಲೇ ಗೊತ್ತಿತ್ತು. ಅವರು ಹೇಳಿದ್ದು ಸರೀನೇ ಆಯ್ತು.”

“ಏ, ಹಾಗನ್ನಬೇಡ ಕಣೇ. ನೀನು ದಡ್ಡಿ ಅಲ್ಲ. ಇದೇ ಶಾಲೇಲಿ ನೀನು ಫಸ್ಟ್ ಬರ್ತಿದ್ದೋಳು. ನಿನ್ನ ಹಿಂದೆ ಯಾರಾದ್ರೂ ಇದ್ರಾ? ಮರೆತುಬಿಟ್ಯಾ?”

ಮಗಳು ಅಪ್ಪನ ಮುಖವನ್ನೇ ನೋಡಿದಳು. ಅವನನ್ನು ನೋಯಿಸುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು, ಅದಕ್ಕೇ ಕೇಳಿದಳು.

“ಇಲ್ಲಿ ಫಸ್ಟ್ ಬಂದಿದ್ದು ಲೆಕ್ಕಕ್ಕಿಲ್ಲ ಅಂತ ತಾನೇ ಅಪ್ಪಾ, ನೀನು ನನ್ನ ಅಲ್ಲಿಗೆ ಸೇರಿಸಿದ್ದು?”

ಗಂಟೆಯಣ್ಣ ಹಾಗೇ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ. ಅವನ ಹೆಗಲು ಅಲುಗುವುದನ್ನು ಕಂಡು ಮಗಳು ಒಲೆ ಸಣ್ಣ ಮಾಡಿ ಬಂದು, ಸೆರಗಿನ ತುದಿಯಿಂದ ಮಕ್ಕಳ ಮುಖ ಒರೆಸುವ ತಾಯಿಯ ಹಾಗೆ, ತನ್ನ ದುಪಟ್ಟಾದಿಂದ ಅವನ ಮುಖ ಒರೆಸಿದಳು. “ನೀನ್ಯಾಕಪ್ಪಾ ಅಳ್ತೀಯಾ, ನಂಗೇನೂ ಬೇಜಾರಿಲ್ಲ” ಎಂದಳು. ಆಮೇಲೆ ಎದ್ದು ಹೋಗಿ ಅಮ್ಮ ಬರುವಷ್ಟರಲ್ಲಿ ಪಾತ್ರೆಗಳನ್ನು ತೊಳೆದಿಟ್ಟಳು.